ಭಾವನ ಸೈಕಲ್ಲಿಗೊಂದು ಕನ್ನಡಿ

ನಮ್ಮ ಭಾವ ಹಿಂತಿರುಗಿ ನೋಡುವ ಮನುಷ್ಯರಲ್ಲ. ಇದನ್ನು ಓದಿದೊಡನೆ ಅವರನ್ನು ಭಾರೀ ಛಲಗಾರರೆಂದೋ, ಕಳೆದದ್ದನ್ನು ಮರೆತು ಮುನ್ನುಗ್ಗುವ ಧೀರರೆಂದೋ ತಿಳಿದುಕೊಳ್ಳಬೇಡಿ. ಅವರ ಕುತ್ತಿಗೆ ತಿರುಗುವುದಿಲ್ಲ, ಅಷ್ಟೇ! ಹಿಂದಿನಿಂದ ಯಾರಾದರೂ ಕರೆದರೆ, ಇಕ್ಕಟ್ಟಿನ ರಸ್ತೆಯಲ್ಲಿ ಲಾರಿ ರಿವರ್ಸ್ ತೆಗೆದುಕೊಳ್ಳುವ ಹಾಗೆ ಅವರು ಇಡೀ ದೇಹವನ್ನೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿಕೊಂಡು ಬರಬೇಕು. ಅಷ್ಟರಲ್ಲಿ ಕರೆದವರು ತಮ್ಮ ಕೆಲಸ ಮುಗಿಸಿಕೊಂಡು ಹೋಗಿರುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅವರ ಮನೆ. ಮನೆಯ ಹಿಂದಿನಿಂದ ಇಳಿಜಾರಿನಲ್ಲಿ ಅವರ ಕಾಫಿ ತೋಟ. ನಾನಿರುವುದು ಮೂಡಿಗೆರೆ ಪೇಟೆಯಲ್ಲಿ. ಮೆಂತ್ಯದ ಸೊಪ್ಪು ಕೊಡುವ ನೆಪದಲ್ಲೋ ಉಪ್ಪಿನಕಾಯಿ ಭರಣಿ ವಾಪಸ್ಸು ತರುವ ನೆಪದಲ್ಲೋ ವಾರದಲ್ಲಿ ಮೂರ್ನಾಲ್ಕು ದಿನ ಅಲ್ಲೇ ಇರುತ್ತೇನೆ. ಆದ್ದರಿಂದ ಇಲ್ಲಿ ಬರೆದದ್ದಕ್ಕೆಲ್ಲ ಹೆಚ್ಚುಕಡಿಮೆ ನಾನೇ ಸಾಕ್ಷಿ.

ಭಾವ ದೊಡ್ಡ ಆಳು. ಮದುವೆಮನೆಯಲ್ಲಿ ಅವರು ಬರುವುದು ಕಂಡರೆ ಸಾಕು, ಯಾರಾದರೊಬ್ಬರು ಒಂದು ಪ್ಲಾಸ್ಟಿಕ್ ಕುರ್ಚಿಯೊಳಗೆ ಇನ್ನೊಂದನ್ನು ಕೂರಿಸಿ ಜೋಡಿ ಕುರ್ಚಿ ಸಿದ್ಧ ಮಾಡುತ್ತಾರೆ. ಭಾವನಿಗೆ ಇದರಲ್ಲಿ ಒಂದಿಷ್ಟೂ ಸಂಕೋಚವಿಲ್ಲ. "ಮಂತ್ರಿಗೂ ಒಂದೇ ಕುರ್ಚಿ ಮಾರಾಯ್ತಿ, ನಂಗೆ ನೋಡು ಎರಡು!" ಎಂದು ನನಗೆ ಹೇಳುತ್ತಾರೆ. ಹೊಸ ವಸ್ತು ಯಾವುದೇ ಇರಲಿ, ಮಂಚ, ಬೆಂಚು, ತೂಗುಯ್ಯಾಲೆ, ಮೊದಲು "ಇದು ಎಷ್ಟು ಕೆಜಿ ತಡೀತದೆ?" ಎಂದು ವಿಚಾರಿಸಿಯೇ ಮುಂದಿನ ಮಾತು.

ಇಂಥವರು ಸೈಕಲ್ ಏರಿದ್ದು ಚಿಕ್ಕಮಗಳೂರಿನ ಡಾಕ್ಟರರ ದೆಸೆಯಿಂದ. ಸಕ್ಕರೆ ಕಾಯಿಲೆ ಏರುತ್ತಿತ್ತು, ಮಂಡಿ ಎರಡೂ ಸವೆದಿದ್ದವು. ತೋಟದ ಕೆಳಭಾಗಕ್ಕೆ ಭಾವ ಇಳಿದು ವರ್ಷಗಳೇ ಆಗಿದ್ದವು. ತೋಟದ ಆಳುಗಳ ಮೇಸ್ತ್ರಿ ಮೊಬೈಲಿನಲ್ಲಿ ಫೋಟೊ ಹಿಡಿದು ತಂದು, "ಇದು ಹೊಳೆ ಪಕ್ಕದ ಗಿಡ ಅಣ್ಣ, ಹೆಂಗೆ ಹೂ ಕಟ್ಟಿದೆ ನೋಡಿ" ಎಂದು ತೋರಿಸುತ್ತಿದ್ದ. ತಮ್ಮ ತೋಟವನ್ನು ತಾವೇ ಫೋಟೊದಲ್ಲಿ ನೋಡುವ ಹಣೆಬರಹ ಯಾರಿಗೆ ಬೇಕು ಹೇಳಿ? ಡಾಕ್ಟರು ಎಲ್ಲವನ್ನೂ ಕೇಳಿ, "ನಡೆದರೆ ಮಂಡಿ ಹೋಗುತ್ತದೆ, ಕೂತರೆ ನೀವು ಹೋಗುತ್ತೀರಿ. ಸೈಕಲ್ ತುಳಿಯಿರಿ" ಎಂದರು.

ಹಾಲಿನ ಕ್ಯಾನು ಹೊರುವಂಥ ಗಟ್ಟಿ ಸೈಕಲ್ಲೊಂದು ಮನೆಗೆ ಬಂತು. ಭಾವ ಹತ್ತಿ ಕೂತ ಮೊದಲ ದಿನ ಸೀಟಿನ ಸ್ಪ್ರಿಂಗು ಹಾಕಿದ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಹಸು ಎದ್ದು ನಿಂತಿತು. ಆದರೆ ಕೆಲವೇ ತಿಂಗಳಲ್ಲಿ ಸಕ್ಕರೆ ಇಳಿಯಿತು, ಮಂಡಿಯ ಬಿಗಿತ ಸಡಿಲವಾಯಿತು. ಒಂದು ಬೆಳಿಗ್ಗೆ ಭಾವ ಯಾರಿಗೂ ಹೇಳದೆ ಕೋಲೂರಿಕೊಂಡು ತೋಟದ ಕೆಳಗಿನ ಹೊಳೆಯವರೆಗೂ ಇಳಿದು, ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ, "ಎಲ್ಲಿದೀನಿ ಹೇಳು ನೋಡುವ?" ಎಂದು ಕೇಳಿದರು. ಅಕ್ಕ ಫೋನು ಹಿಡಿದುಕೊಂಡೇ ಅತ್ತಳು. ಆಮೇಲೆ, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಬಂದದ್ದಕ್ಕೆ ಚೆನ್ನಾಗಿ ಬೈದಳು.

ಸೈಕಲ್ ಸವಾರಿಗೆ ಇದ್ದ ದೊಡ್ಡ ಕಂಟಕವೆಂದರೆ ನಮ್ಮ ಜನರ ಒಳ್ಳೆಯತನ! ನಮ್ಮ ಕಡೆ ಗುರುತಿನವರು ದಾರಿಯಲ್ಲಿ ಕಂಡರೆ ಗಾಡಿ ನಿಲ್ಲಿಸದೆ ಹೋಗುವವರುಂಟೇ? ಪಿಕಪ್ಪು, ಜೀಪು, ಕೊನೆಗೆ ಗ್ಯಾಸಿನ ಗಾಡಿ ಕೂಡ ಭಾವನ ಪಕ್ಕ ಬಂದು ನಿಲ್ಲುತ್ತಿತ್ತು. "ಎಂತ ಗೌಡ್ರೇ, ಜೀಪು ಕೆಟ್ಟೋಯ್ತಾ? ಹತ್ತಿ, ಹತ್ತಿ, ಸೈಕಲ್ ಹಿಂದಕ್ಕೆ ಹಾಕುವ." ಕೇಳಿದವರಿಗೆ ಉತ್ತರಿಸಬೇಕಲ್ಲ, ಭಾವ ಕಾಲೂರುತ್ತಿದ್ದರು. ಅಷ್ಟು ತೂಕದವರು ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದೆಂದರೆ ಸುಲಭವೇ? ಕಾಲಿಟ್ಟು ಹತ್ತಲು ಮೋರಿ ಕಟ್ಟೆ ಸಿಗುವವರೆಗೂ ಸೈಕಲ್ಲನ್ನು ತಳ್ಳಿಕೊಂಡು ಹೋಗಬೇಕು. ಮತ್ತೆ ಹತ್ತುವಷ್ಟರಲ್ಲಿ ಇನ್ನೊಬ್ಬ ಪುಣ್ಯಾತ್ಮನ ಜೀಪು! "ಇವ್ರೆಲ್ಲ ಸ್ವಲ್ಪ ಕೆಟ್ಟವರಾಗಿದ್ರೆ ನಾನಿಷ್ಟೊತ್ತಿಗೆ ತೆಳ್ಳಗಾಗಿರ್ತಿದ್ದೆ" ಎಂದು ಭಾವ ನಿಟ್ಟುಸಿರು ಬಿಡುತ್ತಿದ್ದರು.

ನಿಜವಾದ ಗಂಡಾಂತರ ಬಂದದ್ದು ಮಳೆ ಹಿಡಿದುಕೊಂಡ ಮೇಲೆ. ತಿರುವೊಂದರಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹಾಕಿತು. ಏನೆಂದು ನೋಡಲು ಭಾವ ತಿರುಗಿದರು. ಅವರು ತಿರುಗುವುದೆಂದರೆ ಗೊತ್ತಲ್ಲ, ಮೈ ತಿರುಗಿತು, ಮೈಯ ಜೊತೆಗೆ ತೋಳು, ತೋಳಿನ ಜೊತೆಗೆ ಹ್ಯಾಂಡಲ್ಲು. ಸೈಕಲ್ಲು ಬಸ್ಸಿನ ಎದುರಿಗೇ ಅಡ್ಡ ಬಂತು. ಡ್ರೈವರು ಬ್ರೇಕ್ ಒತ್ತಿ ನಿಲ್ಲಿಸಿದ. ಭಾವ ಚರಂಡಿಗೆ ಬಿದ್ದರು. ಎತ್ತಲು ಇಳಿದು ಬಂದ ಪ್ರಯಾಣಿಕರಿಗೆ, "ಇಬ್ಬರಿಂದ ಆಗೋದಿಲ್ಲ, ಕಂಡಕ್ಟರನ್ನೂ ಕರೀರಿ" ಎಂದು ಭಾವ ಅಲ್ಲಿಂದಲೇ ಸಲಹೆ ಕೊಟ್ಟರಂತೆ.

ತರಚಿದ್ದು ಮೊಣಕೈ ಮಾತ್ರ. ಆದರೆ ಭಾವ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಕ್ಕ ಕೂಗಾಡಲಿಲ್ಲ. ಮೊಣಕೈಗೆ ಮುಲಾಮು ಹಚ್ಚಿದಳು, ಕಾಫಿ ಗೋದಾಮಿನ ಬೀಗ ತಂದಳು, ಸೈಕಲ್ಲಿಗೆ ಸರಪಳಿ ಸುತ್ತಿ ಬೀಗ ಜಡಿದಳು.

"ಹಿಂದೆ ಬರೋದು ನಿಮಗೆ ಕಾಣೋ ತನಕ ಇದು ರಸ್ತೆಗೆ ಇಳಿಯೋ ಹಾಗಿಲ್ಲ. ತೋಟದೊಳಗಾದ್ರೆ ಬೀಗ ತೆಗೆದು ಕೊಡ್ತೀನಿ, ಏನು ಬೇಕಾದ್ರೂ ಮಾಡ್ಕೊಳ್ಳಿ, ಗೇಟು ದಾಟಿದ್ರೆ ಮಾತ್ರ ನಾನು ಸುಮ್ನಿರೋದಿಲ್ಲ."

"ತೋಟದೊಳಗೆ ಎಷ್ಟು ತುಳಿಯೋದು ಮಾರಾಯ್ತಿ? ಕಾಫಿ ಒಣಗಿಸೋ ಕಣದಿಂದ ಗೇಟಿಗೆ ಬರೋದ್ರೊಳಗೆ ರಸ್ತೆ ಮುಗೀತದೆ. ಮತ್ತೆ ಸಕ್ಕರೆ ಏರ್ತದೆ, ನೋಡ್ತಿರು."

"ಏರಿದ್ರೆ ಮಾತ್ರೆ ಇದೆ. ಬಸ್ಸಿನಡಿ ಹೋದ್ರೆ ಎಂತ ಇದೆ?"

ಹೀಗೆ ಕನ್ನಡಿಯ ಬೇಟೆ ಶುರುವಾಯಿತು.

ಮೊದಲು ಚಿಕ್ಕಮಗಳೂರಿನ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವರು ಅಂಗೈಯಗಲದ ದುಂಡು ಕನ್ನಡಿಯೊಂದನ್ನು ಮುಂದಿಟ್ಟರು. ಭಾವ ಅದನ್ನು ಎತ್ತಿ ನೋಡಿ, ಅಭ್ಯಾಸಬಲದಿಂದ, "ಇದು ಎಷ್ಟು ಕೆಜಿ ತಡೀತದೆ?" ಎಂದರು.

"ಸಾರ್, ಇದ್ರ ಮೇಲೆ ಕೂರೋದಲ್ಲ, ಇದ್ರೊಳಗೆ ನೋಡೋದು."

ಮನೆಗೆ ತಂದು ಹ್ಯಾಂಡಲ್ಲಿನ ಬಲ ತುದಿಗೆ ಸಿಕ್ಕಿಸಿದ್ದಾಯಿತು. ಭಾವ ಕಣದಲ್ಲಿ ಒಂದು ಸುತ್ತು ಹಾಕಿದರು.

"ಎಂತ ಕಾಣ್ತದೆ ಭಾವ?" ನಾನು ಕೇಳಿದೆ.

"ತೋಳು."

ಕನ್ನಡಿಯನ್ನು ಸ್ವಲ್ಪ ಹೊರಗೆ ತಿರುಗಿಸಿದೆ. "ಈಗ?"

"ಅದೇ ತೋಳು, ಇನ್ನೊಂದು ಪಕ್ಕ."

ಸ್ವಲ್ಪ ಮೇಲೆತ್ತಿದೆ. ಭಾವ ಬಹಳ ಹೊತ್ತು ನೋಡಿ, "ಗದ್ದದಡಿ ಒಂದಷ್ಟು ಗಡ್ಡ ಉಳಿದಿದೆ ಮಾರಾಯ್ತಿ, ಬೆಳಿಗ್ಗೆ ಕಂಡೇ ಇರ್ಲಿಲ್ಲ!" ಎಂದು ಖುಷಿಪಟ್ಟರು. ಕನ್ನಡಿ ಕೆಟ್ಟದ್ದೇನಲ್ಲ. ತೆಳ್ಳಗಿನವರ ಹಿಂದೆ ರಸ್ತೆ ಇರುತ್ತದೆ. ಭಾವನ ಹಿಂದೆ ಮೊದಲು ಭಾವನೇ ಇರುತ್ತಾರೆ, ರಸ್ತೆ ಆಮೇಲೆ. ಆ ಕನ್ನಡಿ ಈಗ ಬಚ್ಚಲುಮನೆಯಲ್ಲಿ ಕ್ಷೌರದ ಸೇವೆಗೆ ನೇಮಕಗೊಂಡಿದೆ.

ಎರಡನೆಯದು ರಫೀಕನ ಪ್ರತಾಪ. ಮೂಡಿಗೆರೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ರಫೀಕ್ ಭಾವನ ಹಳೇ ಜೀಪಿನ ಆಜನ್ಮ ವೈದ್ಯ. "ನಿಮಗೆ ಸಣ್ಣ ಐಟಂ ಎಲ್ಲ ಆಗಲ್ಲ ಗೌಡ್ರೇ" ಎಂದು, ಗುಜರಿಗೆ ಹೋದ ಜೀಪಿನದೊಂದು ಕನ್ನಡಿ ಕಿತ್ತು, ಮಾರುದ್ದದ ಕಬ್ಬಿಣದ ಸಲಾಕೆಗೆ ವೆಲ್ಡ್ ಮಾಡಿ ಸೈಕಲ್ಲಿಗೆ ಬಿಗಿದ. ಏನು ಹೇಳುವುದು! ಗೇಟು ಕಂಡಿತು, ರಸ್ತೆ ಕಂಡಿತು, ಆಚೆಯ ಗುಡ್ಡ ಕಂಡಿತು. "ಇನ್ನು ಸ್ವಲ್ಪ ತಿರುಗಿಸಿದ್ರೆ ದೇವರಮನೆ ಬೆಟ್ಟವೂ ಕಾಣ್ತದೆ" ಎಂದು ರಫೀಕ್ ಬೀಗಿದ. ಆದರೆ ಸೈಕಲ್ಲೀಗ ಜೀಪಿನಷ್ಟೇ ಅಗಲವಾಗಿತ್ತಲ್ಲ! ಭಾವ ತೋಟದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವಾಗ ಆ ಸಲಾಕೆಗೆ ಒಂದು ಬಿಚ್ಚಿದ ಕೊಡೆ ನೇತಾಡುತ್ತಿತ್ತು. ಕೊಡೆಯ ಹಿಂದೆ, ತೋಟದ ಕೆಲಸಕ್ಕೆ ಬರುವ ಗಿರಿಜಮ್ಮ ಮಳೆಯಲ್ಲಿ ನೆನೆಯುತ್ತ ಓಡಿ ಬರುತ್ತಿದ್ದಳು. "ಅಣ್ಣಾ, ಕೊಡೆ! ಕೊಡೆ ಕೊಟ್ಟು ಹೋಗಿ ಅಣ್ಣಾ!"

"ಗಿರಿಜಮ್ಮ ಓಡಿ ಬರೋದು ಕನ್ನಡಿಯೊಳಗೆ ಚೆನ್ನಾಗಿ ಕಾಣ್ತಿತ್ತು" ಎಂದು ಭಾವ ವಾದಿಸಿದರು. "ಯಾಕೆ ಅಂತ ಗೊತ್ತಾಗ್ಲಿಲ್ಲ ಅಷ್ಟೆ." ಅಕ್ಕ ಒಪ್ಪಲಿಲ್ಲ.

ಮೂರನೆಯದು ಹಳೇ ಬೈಕಿನ ಕನ್ನಡಿ. ಅದನ್ನು ಸಿಕ್ಕಿಸಿದ್ದೂ ರಫೀಕನೇ. ತೋಟದ ಕಲ್ಲುರಸ್ತೆಯಲ್ಲಿ ಅದು ಎಷ್ಟು ನಡುಗುತ್ತಿತ್ತೆಂದರೆ ಒಂದು ನಾಯಿ ಹಿಂದೆ ಬಂದರೆ ಭಾವನಿಗೆ ಒಂದು ಹಿಂಡೇ ಕಾಣುತ್ತಿತ್ತು. ರಫೀಕ್ ಹಳೇ ಟ್ಯೂಬಿನ ರಬ್ಬರು ಕತ್ತರಿಸಿ ಸಂದಿಗೆ ತುರುಕಿದ. ನಡುಕ ನಿಂತಿತು, ತೋಳು ವಾಪಸ್ಸು ಬಂತು. ಎತ್ತರಿಸಿದರೆ ಆಕಾಶ, ತಗ್ಗಿಸಿದರೆ ಅಂಗಿಯ ಗುಂಡಿ.

ಕೊನೆಗೆ ಅಕ್ಕನೇ ಸೆರಗು ಸಿಕ್ಕಿಸಿ ಕಣಕ್ಕಿಳಿದಳು. ಸ್ಟ್ಯಾಂಡು ಹಾಕಿದ ಸೈಕಲ್ಲಿನ ಮೇಲೆ ಭಾವನನ್ನು ಕೂರಿಸಿ, ಹಿಂದಿನ ಚಕ್ರವನ್ನು ರಫೀಕನ ಕೈಗೆ ಕೊಟ್ಟು, ಕನ್ನಡಿ ತಿರುಗಿಸಲು ನನ್ನನ್ನು ನಿಲ್ಲಿಸಿ, ತಾನು ಅಷ್ಟು ದೂರ ಹಿಂದೆ ಹೋದಳು.

"ನಾನೀಗ ಬಸ್ಸು. ಬರ್ತಾ ಇದೀನಿ. ಕಾಣ್ತಾ?"

"ಇಲ್ಲ."

"ಈಗ?"

"ಇಲ್ಲ. ಬಸ್ಸು ಹಾರ್ನಾದ್ರೂ ಹಾಕಲಿ."

"ಹಾರ್ನ್ ಕೇಳಿಯೇ ಅಲ್ವಾ ಅವತ್ತು ಚರಂಡಿಗೆ ಬಿದ್ದದ್ದು? ಈಗ ಕಾಣ್ತಾ?"

ನಾನು ಕನ್ನಡಿಯನ್ನು ಇನ್ನೊಂದಿಷ್ಟು ಒತ್ತಿ ತಿರುಗಿಸಿದೆನೋ ಇಲ್ಲವೋ, ನಟ್ಟು ಸಡಿಲವಾಗಿ ಅದು ಗಿರ್ರನೆ ಜಾರಿ, ಹ್ಯಾಂಡಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ನೇತುಬಿತ್ತು. ಅಯ್ಯೋ, ಹಾಳು ಮಾಡಿದೆನಲ್ಲ ಎಂದುಕೊಳ್ಳುವಷ್ಟರಲ್ಲಿ ಭಾವ ಕೂಗಿದರು:

"ಮುಟ್ಟಬೇಡ! ಮುಟ್ಟಬೇಡ ಮಾರಾಯ್ತಿ! ಬಸ್ಸು ಕಾಣ್ತಾ ಇದೆ!"

ತೋಳಿಗೂ ಹೊಟ್ಟೆಗೂ ನಡುವೆ, ತೋಳಿನ ಕೆಳಗೆ, ಒಂದು ಸಣ್ಣ ಕಿಟಕಿಯಷ್ಟು ಜಾಗವಿತ್ತು. ಮೇಲಿನಿಂದ ಇಷ್ಟು ದಿನ ಹುಡುಕಿದ್ದು ಕೆಳಗಿನಿಂದ ಸಿಕ್ಕಿತ್ತು.

"ನಿಜವಾಗ್ಲೂ ಕಾಣ್ತಾ? ಹಾಗಾದ್ರೆ ಬಸ್ಸು ಎಂತ ಮಾಡ್ತಿದೆ ಹೇಳಿ!" ಅಕ್ಕ ಕೇಳಿದಳು.

"ಮುಖ ಊದಿಸಿಕೊಂಡು ನಿಂತಿದೆ."

ರಫೀಕ್ ನಗು ತಡೆಯಲಾರದೆ ಚಕ್ರ ಬಿಟ್ಟ. ಸೈಕಲ್ಲು ವಾಲಿತು. ಅಕ್ಕನೂ ಓಡಿ ಬಂದು ನನ್ನ ಜೊತೆ ಹಿಡಿಯದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಆದರೂ ಅಕ್ಕನಿಗೆ ಸಮಾಧಾನವಿಲ್ಲ. ರಸ್ತೆಯಲ್ಲಿ ಪರೀಕ್ಷೆ ಆಗಲೇಬೇಕೆಂದಳು. ಮನೆಯ ಕಾರನ್ನು ತಾನೇ ಓಡಿಸಿಕೊಂಡು ಬರಬಹುದಿತ್ತು. "ಅವ್ರ ಹಿಂದೆ ನಾನು ಓಡಿಸಲ್ಲ" ಎಂದಳು. ರಫೀಕ್ ತನ್ನ ಜೀಪು ತಂದ. ಮುಂದಿನ ಸೀಟಿನಲ್ಲಿ ಅಕ್ಕ, ಹಿಂದೆ ನಾನು. ಮುಂದೆ ಭಾವನ ಸೈಕಲ್ಲು. ಅವರು ಎಡಕ್ಕೆ ಸರಿಯಾಗಿ ಅಂಟಿಕೊಂಡು, ಒಂದೇ ಹದದಲ್ಲಿ ಏರು ತುಳಿಯುತ್ತಿದ್ದರು. ಹಾಸನದ ಕಡೆಯ ಕಾರೊಂದು ಹೋಯಿತು. ಪಿಕಪ್ಪೊಂದು ಬಂತು, ಅದು ಪಕ್ಕ ನಿಲ್ಲುವ ಮೊದಲೇ ಭಾವ ಕೈ ಬೀಸಿ ಮುಂದಕ್ಕೆ ಕಳಿಸಿದರು. ನನಗೆ ಧೈರ್ಯ ಬಂತು.

ಅಷ್ಟರಲ್ಲಿ ಅದೇ ತಿರುವು. ಹಿಂದಿನಿಂದ ಬಸ್ಸೊಂದು ನಮ್ಮ ಜೀಪನ್ನು ದಾಟಿ ಮುಂದೆ ಬಂತು. ಎದುರಿನಿಂದ ಮರಳಿನ ಲಾರಿ. ಬಸ್ಸು ಇನ್ನೂ ಹಾರ್ನ್ ಹಾಕಿರಲಿಲ್ಲ. ಭಾವನ ತಲೆ ಒಂದಿಷ್ಟೇ ಬಗ್ಗಿತು, ಕನ್ನಡಿಯ ಕಡೆಗೆ. ಸೈಕಲ್ಲು ನಿಧಾನವಾಗಿ, ಅವಸರವೇ ಇಲ್ಲದೆ, ರಸ್ತೆ ಬಿಟ್ಟು ಪಕ್ಕದ ಮಣ್ಣಿಗಿಳಿಯಿತು. ಬಸ್ಸು ಹೋಯಿತು, ಲಾರಿ ಹೋಯಿತು. ಸೈಕಲ್ಲು ಮತ್ತೆ ರಸ್ತೆಗೆ ಬಂತು. ಮಾರ್ಕು ಹಾಕುವವರಿದ್ದರೆ ಪೂರ್ತಿ ಹಾಕಬೇಕು!

ಮುಂದಿನ ಮೋರಿಯ ಬಳಿ ಎಲ್ಲರೂ ನಿಂತೆವು. ಭಾವ ಬೆವರು ಒರೆಸಿಕೊಳ್ಳುತ್ತ ಬಂದರು.

"ಹೇಗೆ? ಪಾಸಾ?"

"ನಾನು ನೋಡ್ಲಿಲ್ಲ" ಅಕ್ಕ ಮೆಲ್ಲಗೆ ಅಂದಳು.

"ನೀನು ನೋಡ್ಲಿಲ್ಲ, ಆದ್ರೆ ನಾನು ನೋಡಿದೆ. ಬಸ್ಸು ಬರೋಕೆ ಮೊದಲೇ ಎರಡು ಕೈಯಲ್ಲೂ ಮುಖ ಮುಚ್ಕೊಂಡಿದ್ದೆ. ಪರೀಕ್ಷೆ ಮಾಡೋಕೆ ಬಂದೋಳು ಕಣ್ಣು ಮುಚ್ಕೊಂಡು ಕೂತ್ರೆ ಹೇಗೆ ಮಾರಾಯ್ತಿ?"

ಅಕ್ಕ ಏನೋ ಹೇಳಲು ಹೋದಳು. ಹಿಂದಿನ ಜೀಪಿನ ಗಾಜಿನೊಳಗೆ ತಾನು ಮುಖ ಮುಚ್ಚಿಕೊಂಡದ್ದು ಇವರಿಗೆ ಕಂಡಿತೆಂದರೆ ಇನ್ನೇನು ಪುರಾವೆ ಬೇಕು? "ಪಾಸು ಬಿಡಿ ಅಕ್ಕಾ" ಎಂದು ರಫೀಕನೇ ಫಲಿತಾಂಶ ಘೋಷಿಸಿದ. ವಾಪಸ್ಸು ಬರುವಾಗ ಜೀಪಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಯಾರು ಏನು ಹೇಳಿದರೂ ನಗು ಬರುತ್ತಿತ್ತು.

ಆ ರಾತ್ರಿ ನಾನು ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ಅಕ್ಕ ಇಲ್ಲ. ಹುಡುಕಿಕೊಂಡು ಹೊರಗೆ ಬಂದೆ. ಭಾವ ಆಗಷ್ಟೇ ಸೈಕಲ್ಲೇರಿ ರಸ್ತೆಗಿಳಿದಿದ್ದರು. ಅಕ್ಕ ಗೇಟಿನ ಬಳಿ ನಿಂತಿದ್ದಳು, ಕಾಲಿಗೆ ಚಪ್ಪಲಿ, ಮುಷ್ಟಿಯಲ್ಲಿ ಕಾರಿನ ಕೀ.

"ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ. ಅವ್ರು ವಾಪಸ್ ಬರೋ ತನಕ ಹಿಂಗೇ ನಿಂತಿರ್ತೀನಿ. ಎಂತಾದ್ರೂ ಆಯ್ತು ಅಂತ ಫೋನ್ ಬಂದ್ರೆ ಆಗ ಚಪ್ಪಲಿ ಹುಡುಕ್ತಾ ಇರೋಕಾಗ್ತದಾ?"

"ದಿನಾನಾ? ಸೈಕಲ್ ತಂದಾಗಿಂದ್ಲಾ?"

"ಹ್ಞೂಂ. ಅವ್ರಿಗೆ ಹೇಳಬೇಡ. ಗೊತ್ತಾದ್ರೆ ಸೈಕಲ್ ಬಿಟ್ಟುಬಿಡ್ತಾರೆ."

ನಾನು ರಸ್ತೆಯ ಕಡೆ ನೋಡಿದೆ. ಭಾವ ಕನ್ನಡಿಯ ಕಡೆಗೆ ತಲೆ ಬಗ್ಗಿಸಿಕೊಂಡು ಸೈಕಲ್ಲು ನಿಲ್ಲಿಸಿದ್ದರು. ಆಮೇಲೆ ಇಳಿದು, ಅದನ್ನು ಹಿಂದಕ್ಕೆ ತಿರುಗಿಸಿ, ತಳ್ಳಿಕೊಂಡು ಗೇಟಿನವರೆಗೂ ಬಂದರು. ಅಕ್ಕನ ಚಪ್ಪಲಿ ನೋಡಿದರು, ಕೀ ನೋಡಿದರು.

"ಯಾಕೆ ನಿಂತಿದೀಯಾ?"

"ಪೇಪರಿನವನಿಗೆ ಕಾಯ್ತಿದ್ದೆ."

"ಕಾರಿನ ಕೀ ಹಿಡ್ಕೊಂಡಾ?"

ಅಕ್ಕ ಕೀಯನ್ನು ಸೆರಗಿನ ಮರೆಗೆ ಸರಿಸಿದಳು. ಭಾವ ಕನ್ನಡಿಯ ಮೇಲೆ ಕೂತಿದ್ದ ಇಬ್ಬನಿಯನ್ನು ಹೆಬ್ಬೆರಳಿನಿಂದ ಒರೆಸಿದರು.

"ಒಳಗೆ ಹೋಗಿ ಕೂತ್ಕೋ ಮಾರಾಯ್ತಿ. ಹಿಂದೆ, ಮುಂದೆ, ಎರಡೂ ನೋಡ್ಕೊಂಡು ಹೋಗ್ತೀನಿ. ಬರ್ತೀನಿ."

ಗೇಟಿನ ಕಲ್ಲಿಗೆ ಕಾಲು ಕೊಟ್ಟು ಸೈಕಲ್ಲೇರಿ ಅವರು ಹೊರಟರು. ತಿರುವು ದಾಟಿ ಕಣ್ಮರೆಯಾಗುವವರೆಗೂ ಅಕ್ಕ ನೋಡಿದಳು. ಆಮೇಲೆ ಕೀಯನ್ನು ನನ್ನ ಕೈಗೆ ಕೊಟ್ಟು, ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತು, ಒಂದೊಂದಾಗಿ ಚಪ್ಪಲಿ ಕಳಚಿದಳು.