ಅರೆತಲೆನೋವಿನ ಆರೋಪಿಗಳು

ಬೆಳಗ್ಗೆ ಎದ್ದು ಇದ್ದಿಲೊಲೆ ಹೊತ್ತಿಸಿ, ಯಜಮಾನರಿಗೆ ಚಹಾ ಮಾಡಿಕೊಟ್ಟು, ತಾಮ್ರದ ಹಂಡೆಗೆ ನೀರು ತುಂಬುವವರೆಗೆ ನಾನು ಯಾರನ್ನೂ ಸಂಶಯಿಸುವುದಿಲ್ಲ. ಅಂದು ಸಂಕಷ್ಟಿ ಚತುರ್ಥಿಯ ಉಪವಾಸ. ನನ್ನ ಚಹಾವೂ ಇಲ್ಲದ್ದರಿಂದ ಒಲೆಯ ಮುಂದೆ ಬೇಗ ಬಿಡುವಾಯಿತು. ಬಿಡುವಾದ ಕೂಡಲೇ ಸಂಶಯ ಶುರು. ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ಯೋಚಿಸಬಾರದೆಂದು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು, ನಿಜ. ಆದರೆ ಅವರಲ್ಲಿ ಯಾರಿಗೂ ಅರೆತಲೆನೋವು ಇದ್ದಂತಿರಲಿಲ್ಲ.

ನನ್ನದು ಬಲಗಡೆಯ ನೋವು. ಮೊದಲು ಕಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಕುಣಿಯುತ್ತದೆ. ಆಮೇಲೆ ಅರ್ಧ ತಲೆ ನನ್ನದು, ಅರ್ಧ ಯಾರದೋ. ಕೋರ್ಟಿನಲ್ಲಿ ಗುಮಾಸ್ತರಾದ ನಮ್ಮ ಯಜಮಾನರು ಇದರ ತೀರ್ಪನ್ನು ಆಗಲೇ ಕೊಟ್ಟಿದ್ದರು. "ಆ ಇಂಗ್ಲಿಷ್ ಕಾದಂಬರಿ ಓದೂದರಿಂದನ ಬರ್ತದ. ಇವತ್ತೂ ಬಂತಂದ್ರ ನಾಳೆ ಪುಸ್ತಕ ಲೈಬ್ರರಿಗೆ ವಾಪಸ್. ಮುಂದ ಮತ್ತ ತರೂದಿಲ್ಲ," ಎಂದು ಟೊಪ್ಪಿಗೆ ಸರಿಮಾಡಿಕೊಂಡು ಸೈಕಲ್ ಹತ್ತಿದರು. ಮದುವೆಯಾಗಿ ಬಂದ ಈ ಪುಣೆಯಲ್ಲಿ ನನಗಿದ್ದ ಗೆಳತಿಯರೆಂದರೆ ಆ ಪುಸ್ತಕಗಳೇ.

ಅಂದು ಪುಸ್ತಕವನ್ನು ಮುಟ್ಟಲೇ ಇಲ್ಲ. ಆದರೂ ಮಧ್ಯಾಹ್ನ ಗರಗಸ ಬಂದೇ ಬಂತು. ಪುಸ್ತಕ ನಿರಪರಾಧಿಯೆಂದು ನನಗೆ ಗೊತ್ತಾಯಿತು; ಆದರೆ ಯಜಮಾನರಿಗೆ ಅಷ್ಟು ಸಾಲದು, ಅದರ ಬದಲಿಗೆ ಬೇರೆ ಅಪರಾಧಿ ಬೇಕು. ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿ ಒಬ್ಬೊಬ್ಬರನ್ನೇ ವಿಚಾರಿಸಿದೆ. ಹಂಡೆಯ ಮೇಲೆ ಹೊಳೆಯುವ ಬಿಸಿಲೇ? ಅದು ದಿನಾಲೂ ಹೊಳೆಯುತ್ತದೆ. ಯಜಮಾನರು ಹಚ್ಚಿಕೊಳ್ಳುವ ಘಮಘಮ ಎಣ್ಣೆಯೇ? ಈ ಸಂಶಯದಲ್ಲಿ ಕೊಂಚ ಸುಖವಿತ್ತು. ಆದರೆ ಶೀಸೆ ಖಾಲಿಯಾಗಿ ವಾರವಾಗಿತ್ತು. ಅಷ್ಟರಲ್ಲಿ ಕಿಟಕಿಯ ಸಂದಿಯಿಂದ ಧೂಪದ ಹೊಗೆ ಒಳಗೆ ಬಂತು. ಪಕ್ಕದ ಮನೆಯ ಧಾರವಾಡದ ಅಂಬಕ್ಕನದು. ಎದ್ದು ಕೂತೆ. ಹೋದ ಚತುರ್ಥಿಗೂ ಧೂಪ, ತಲೆನೋವು. ಅದರ ಹಿಂದಿನದಕ್ಕೂ ಹಾಗೆಯೇ. ಕಳ್ಳಿ ಸಿಕ್ಕಿದ್ದಳು.

ಸಂಜೆ ಯಜಮಾನರು ಬರುವ ಮೊದಲೇ ಹೋದೆ. ಅಂಬಕ್ಕ ಕಟ್ಟೆಯ ಮೇಲೆ ಕೂತು ಮೋದಕಕ್ಕೆ ಕೊಬ್ಬರಿ ತುರಿಯುತ್ತಿದ್ದರು.

"ನಿಮ್ಮ ಧೂಪಕ್ಕೂ ನನ್ನ ತಲೀಗೂ ಆಗಿಬರೂದಿಲ್ಲ ಅನಸ್ತದರಿ," ಎಂದು ಕಾನ್ವೆಂಟಿನ ಮೆತ್ತನೆಯ ದನಿಯಲ್ಲಿ ಹೇಳಿದೆ.

"ನಾ ಧೂಪಾ ಹಾಕೂದು ಚತುರ್ಥಿಗೆ ಅಷ್ಟರೀ. ಅದಿರ್ಲಿ, ಮಾರಿ ಭಾಳ ಬಾಡೇದಲ್ಲ, ಮುಂಜಾನಿಂದ ಏನು ತಿಂದೀರಿ?"

"ಏನಿಲ್ರಿ. ನೀರು ಸುದ್ಧಾ ಚಂದ್ರ ಕಂಡ ಮ್ಯಾಲೇನ."

"ಅಷ್ಟ್ಯಾಕ ಕಠಿಣ? ಏನರೆ ಬೇಡ್ಕೊಂಡೀರೇನು?"

"ಈ ತಲಿಬ್ಯಾನಿ ಹೋಗಲಿ ಅಂತ..."

ಹೇಳುತ್ತಿರುವಾಗಲೇ ನನ್ನ ದನಿ ಸಣ್ಣದಾಯಿತು. ಅಂಬಕ್ಕನ ಧೂಪ ನನ್ನ ವ್ರತಕ್ಕೂ ಮೊದಲಿನದು; ಆದರೆ ಬೇಸಿಗೆಯಲ್ಲೊಮ್ಮೆ ಎಂದೋ ಬರುತ್ತಿದ್ದ ನೋವು ವ್ರತ ಹಿಡಿದಂದಿನಿಂದ ಒಂದು ಚತುರ್ಥಿಯನ್ನೂ ತಪ್ಪಿಸಿರಲಿಲ್ಲ. ದೇವರು ನನ್ನ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಂಡಿದ್ದಾನೆ, ಅದಕ್ಕೇ ಹೀಗೆ ಎಂದು ನಾನು ಉಪವಾಸವನ್ನು ಇನ್ನಷ್ಟು ಬಿಗಿ ಮಾಡಿದ್ದೆ. ಊರನ್ನೆಲ್ಲ ಕಟಕಟೆಗೆ ಹತ್ತಿಸಿದವಳು ಈಗ ಯಜಮಾನರೆದುರು ಯಾರ ಹೆಸರು ಹೇಳಲಿ?

ಅಂಬಕ್ಕ ಒಂದು ಹಿಡಿ ಕೊಬ್ಬರಿ, ಮೇಲೊಂದು ಬೆಲ್ಲದ ಚೂರು ನನ್ನ ಅಂಗೈಗೆ ಹಾಕಿ, ಮತ್ತೆ ತುರಿಯುತ್ತ ಅಂದರು: "ಗಣಪ್ಪನ ಹೊಟ್ಟಿ ನೋಡೀರಿಲ್ರಿ? ಅಂವಾ ಯಾರಿಗರೆ ಉಪಾಸ ಇರ್ರಿ ಅಂದಿದ್ದಾನಂತ ನನಗೇನು ಅನಸೂದಿಲ್ಲ."