ಸಾಪುತಾರಾ ಘಾಟಿಯಲ್ಲಿ ನನ್ನ ನಾಯಕತ್ವ

ತಿರುವುಗಳ ರಸ್ತೆಗಳ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಯೇ ಇಲ್ಲ. ಯಾವ ಘಾಟಿ ಮಳೆಗಾಲದಲ್ಲಿ ಚೆಂದ, ಯಾವ ತಿರುವಿಗೆ ಯಾವ ಗೇರು, ಎಲ್ಲಿ ನಿಂತರೆ ಮೋಡ ನಮ್ಮ ಕಾಲ ಕೆಳಗೆ ಹಾದುಹೋಗುತ್ತದೆ, ಎಲ್ಲ ಬಾಯಿಪಾಠ. ಮೊಬೈಲಿನಲ್ಲಿ ಇಂಥ ರಸ್ತೆಗಳ ವಿಡಿಯೊ ನೋಡಿ ನೋಡಿ, ಸೋಫಾದಲ್ಲಿ ಕೂತಲ್ಲೇ ನನ್ನ ಮೈ ಎಡಕ್ಕೂ ಬಲಕ್ಕೂ ವಾಲುವಷ್ಟು ಪರಿಣತಿ ಬಂದಿತ್ತು. ಆ ರಸ್ತೆಗಳ ಮೇಲೆ ಗಾಡಿ ಓಡಿಸುವುದೊಂದು ಬಾಕಿ ಇತ್ತು. ಅದೇನು ಮಹಾ!

ಬಾಕಿ ಉಳಿದದ್ದು ನನ್ನ ತಪ್ಪಲ್ಲ, ನಾನಿರುವ ಜಾಗದ ತಪ್ಪು. ನನ್ನ ಮನೆ ವಡೋದರಾದ ಮಂಜಲ್‌ಪುರದಲ್ಲಿ, ಕೆಲಸ ಕೊಯಾಲಿಯಲ್ಲಿ. ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಿ ನಿದ್ದೆ ಮಾಡುತ್ತ ಬರುತ್ತೇನೆ. ಸ್ವಂತ ಕಾರನ್ನು ನಾನು ಮುಟ್ಟುವುದು ಭಾನುವಾರ, ಅದೂ ಅಹಮದಾಬಾದಿನ ಎಕ್ಸ್‌ಪ್ರೆಸ್‌ವೇ ಮೇಲೆ. ಆ ರಸ್ತೆ ಎಷ್ಟು ನೆಟ್ಟಗಿದೆಯೆಂದರೆ, ಅಲ್ಲಿ ಸ್ಟಿಯರಿಂಗ್ ಇರುವುದು ಕೈ ಇಟ್ಟುಕೊಳ್ಳಲು ಜಾಗ ಬೇಕಲ್ಲ ಎಂಬ ಕಾರಣಕ್ಕೆ ಮಾತ್ರ.

ಹುಟ್ಟೂರಾದರೂ ಏನು ಕಲಿಸಿತು? ನಾನು ವಿಜಯಪುರದವನು. ಅಲ್ಲಿ ನೆಲದ ಮೇಲೆ ಚೆಂಡು ಇಟ್ಟರೆ ಇಟ್ಟಲ್ಲೇ ಇರುತ್ತದೆ. ಆದರೆ ಗುಜರಾತಿನ ಜನಕ್ಕೆ ಕರ್ನಾಟಕ ಅಂದರೆ ಬೆಟ್ಟ, ಕಾಫಿ, ಜಲಪಾತ, ಹಾವಿನಂಥ ರಸ್ತೆ. ಕೆಳಗಿನ ಮನೆಯ ಜಿಗ್ನೇಶ್‌ಭಾಯ್ ಮೊದಲ ದಿನವೇ, "ಬಿರಾದಾರ್‌ಭಾಯ್, ನಿಮ್ಮ ಕಡೆ ಮಕ್ಕಳೂ ಘಾಟಿಯಲ್ಲಿ ಗಾಡಿ ಓಡಿಸ್ತಾರಂತೆ?" ಎಂದು ಕಣ್ಣರಳಿಸಿ ಕೇಳಿದ್ದರು. ನಾನು ಹೌದು ಅನ್ನಲಿಲ್ಲ. ಮುಗುಳ್ನಕ್ಕೆ. ಒಂದು ಮುಗುಳ್ನಗೆ ಮನುಷ್ಯನನ್ನು ಎಲ್ಲಿಗೆ ಒಯ್ಯಬಹುದು ಎಂಬುದು ಆಗ ಹೊಳೆದಿರಲಿಲ್ಲ.

ಜಿಗ್ನೇಶ್‌ಭಾಯ್‌ಗೆ ಏರು ಎಂದರೆ ಆಗದು. ಹಿಂದೊಮ್ಮೆ ಪಾವಾಗಢದ ರಸ್ತೆಯಲ್ಲಿ ಅವರ ಕಾರು ಹಿಂದಕ್ಕೆ ಜಾರಿತ್ತಂತೆ. ಅಂದಿನಿಂದ ಫ್ಲೈಓವರ್ ಬಂದರೆ ಕೆಳಗಿನ ದಾರಿ ಹಿಡಿಯುತ್ತಾರೆ, ಶಾಪಿಂಗ್ ಮಾಲ್‌ಗೆ ಹೋದರೆ ಪಾರ್ಕಿಂಗಿನ ಏರಿಗೆ ಹೆದರಿ ಗಾಡಿ ಹೊರಗೆ ನಿಲ್ಲಿಸುತ್ತಾರೆ. ಆದರೆ ಅವರ ತಾಯಿ ಸವಿತಾಬಾಗೆ ಒಂದೇ ಆಸೆ. ಅವರ ಯಜಮಾನರು ಮದುವೆಯಾದ ಹೊಸತರಲ್ಲಿ ಸಾಪುತಾರಾ ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ಮಾಸ್ತರರಾಗಿದ್ದರು. ಆ ಊರನ್ನು ಇನ್ನೊಮ್ಮೆ ಬೆಟ್ಟದ ಮೇಲಿಂದ ನೋಡಬೇಕು, ಅದೂ ಮಗನ ಗಾಡಿಯಲ್ಲೇ ಹೋಗಿ ನೋಡಬೇಕು. ಬಾಡಿಗೆ ಡ್ರೈವರ್ ಬೇಡವೇ ಬೇಡ. "ನನ್ನ ಮೊಣಕಾಲು ಬರುವ ಮಳೆಗಾಲದ ತನಕ ಕಾಯೋದಿಲ್ಲ" ಎಂದು ಅವರು ಅನ್ನುವಾಗೆಲ್ಲ ಮಗ ತಲೆ ತಗ್ಗಿಸುತ್ತಿದ್ದರು.

ಕೊನೆಗೆ ಒಂದು ಸಂಜೆ ಜಿಗ್ನೇಶ್‌ಭಾಯ್ ಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಮುಂದೆ ಗಾಡಿ ಓಡಿಸಿ. ನಾನು ನಿಮ್ಮ ಹಿಂದೆ ಬರ್ತೀನಿ. ನೀವು ಮುಂದಿದ್ದರೆ ನನಗೆ ಧೈರ್ಯ."

"ಚಿಂತೆ ಬಿಡಿ. ನಾನು ಏನೇನು ಮಾಡ್ತೀನೋ ನೀವು ಅದನ್ನೇ ಮಾಡಿ. ಅಷ್ಟೇ!" ಎಂದೆ.

ಅವರು ಹೋದ ಮೇಲೆ ನನ್ನ ಹೆಂಡತಿ ಶೈಲಾ ಅಡಿಗೆಮನೆಯಿಂದ ಹೊರಬಂದಳು.

"ಏನ್ರೀ, ನಿಮಗ ಘಾಟ್ ಹೊಡ್ಯಾಕ ಯಾವಾಗ ಬಂತು? ನೀವು ಹುಟ್ಟಿದಾಗಿಂದ ಏರಿದ್ದ ದೊಡ್ಡ ಏರು ಅಂದ್ರ ಗೋಳಗುಮ್ಮಟದ ಮೆಟ್ಟಿಲ!"

"ಥಿಯರಿ ಗೊತ್ತೈತಿ ನನಗ."

"ಥಿಯರಿಗೆ ಬ್ರೇಕ್ ಇರ್ತಾವೇನು?"

ಮಗಳು ಶ್ರೇಯಾ ಮೊಬೈಲಿನಿಂದ ತಲೆ ಎತ್ತಿ, "ಅಪ್ಪಾ, ಆಪ್ ಸಚ್‌ಮುಚ್ ಎಕ್ಸ್‌ಪರ್ಟ್ ಹೋ?" ಎಂದು, ನಿಜವಾಗಿಯೂ ಹೌದೋ ಎಂಬಂತೆ, ಹಿಂದಿಯಲ್ಲಿ ಕೇಳಿದಳು. ಹುಟ್ಟಿ ಬೆಳೆದದ್ದು ವಡೋದರಾದಲ್ಲೇ. ಅವಳ ಕನ್ನಡ "ಅಪ್ಪಾ" ಎಂಬಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಒಂದೇ ಒಂದು ಪೂರ್ತಿ ವಾಕ್ಯ ಕನ್ನಡದಲ್ಲಿ ಆಡಿಸಬೇಕೆಂದು ವರ್ಷಗಟ್ಟಲೆ ಹೆಣಗಿದ್ದೇನೆ, ಐಸ್‌ಕ್ರೀಮಿನ ಆಸೆ ತೋರಿಸಿದ್ದೇನೆ, ಬೈದಿದ್ದೇನೆ. ಐಸ್‌ಕ್ರೀಮ್ ಮುಗಿಯುತ್ತದೆ, ವಾಕ್ಯ ಬರುವುದಿಲ್ಲ.

"ಹೌದು ಮಗಳೇ, ಎಕ್ಸ್‌ಪರ್ಟ್" ಎಂದೆ. ಈ ಸಲ ಮುಗುಳ್ನಗೆ ಕೂಡ ಇರಲಿಲ್ಲ, ನೇರ ಸುಳ್ಳು.

ಶನಿವಾರ ಬೆಳಗಾಗುವ ಮೊದಲೇ ಹೊರಟೆವು. ಮುಂದೆ ನಮ್ಮ ಕಾರು. ಹಿಂದೆ ಜಿಗ್ನೇಶ್‌ಭಾಯ್, ಅವರ ಪಕ್ಕದಲ್ಲಿ ಹೊಸ ಸೀರೆ ಉಟ್ಟ ಸವಿತಾಬಾ. ಸೂರತ್ ಬರುವ ತನಕ ನನ್ನ ನಾಯಕತ್ವಕ್ಕೆ ಒಂದು ಕಲೆ ಇರಲಿಲ್ಲ. ನೆಟ್ಟಗಿನ ರಸ್ತೆಯಲ್ಲಿ ನನ್ನನ್ನು ಸೋಲಿಸುವವರು ಕಡಿಮೆ!

ಸೂರತ್ತಿನಲ್ಲಿ ತಿಂಡಿಗೆ ಲೋಚೊ. ಕಡಲೆಬೇಳೆ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಎಣ್ಣೆ, ಬೆಣ್ಣೆ, ಸೇವು, ಈರುಳ್ಳಿ. ಬಾಯಲ್ಲಿ ಇಟ್ಟರೆ ಕರಗುತ್ತದೆ. ಇಂಥ ತಿಂಡಿ ಕಂಡುಹಿಡಿದ ಊರಿಗೆ ಅಲ್ಲೇ ನಿಂತು ಕೈ ಮುಗಿಯಬೇಕು ಅನ್ನಿಸಿತು. ಒಂದು ಪ್ಲೇಟು ತಿಂದೆ, ಮತ್ತೊಂದು ತರಿಸಿದೆ. "ಘಾಟ್ ಐತ್ರಿ ಮುಂದ, ಸ್ವಲ್ಪ ತಿನ್ನರಿ" ಎಂದು ಶೈಲಾ ಗೊಣಗಿದಳು. ಗಾಡಿ ಓಡಿಸುವವನಿಗೆ ವಾಂತಿ ಬರುವುದಿಲ್ಲ, ಪಕ್ಕ ಕೂತವರಿಗೆ ಮಾತ್ರ ಬರುತ್ತದೆ, ಇದು ವಿಜ್ಞಾನ ಎಂದು ತಿಳಿಸಿ ಹೇಳಿದೆ. ಜಿಗ್ನೇಶ್‌ಭಾಯ್ ನನ್ನನ್ನೇ ನೋಡುತ್ತಿದ್ದರು. ಅವರೂ ಎರಡನೇ ಪ್ಲೇಟು ತರಿಸಿದರು.

ವಘಾಯಿ ದಾಟಿದ ಮೇಲೆ ಡಾಂಗ್ ಕಾಡು ಶುರುವಾಯಿತು. ಆಗ ಮಾತ್ರ ನಾನು ಎಲ್ಲ ಮರೆತೆ. ಎರಡೂ ಕಡೆ ತೊಯ್ದ ತೇಗದ ಮರ, ತಟ್ಟೆಯಗಲದ ಎಲೆಗಳಿಂದ ತೊಟ್ಟಿಕ್ಕುವ ನೀರು, ಬಿದಿರಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು, ಬಂಡೆಯ ಸಂದಿಯಿಂದ ಹಠಾತ್ತನೆ ಕಾಣಿಸಿ ಮಾಯವಾಗುವ ನೀರ ಝರಿ. ರಸ್ತೆ ಎಡಕ್ಕೆ ಹೊರಳಿ, ಏನೋ ನೆನಪಾದಂತೆ ಬಲಕ್ಕೆ ತಿರುಗಿ, ಮೋಡದೊಳಗೆ ನುಗ್ಗುತ್ತಿತ್ತು. ಒಂದೊಂದು ತಿರುವೂ ಹೊಸ ಕಣಿವೆ ತೆರೆದು ತೋರಿಸುತ್ತಿತ್ತು. ಈ ರಸ್ತೆ ಕಟ್ಟಿದವರ ಕೈಗೆ ಮುತ್ತಿಡಬೇಕು. ವಿಡಿಯೊಗಳಲ್ಲಿ ನಾನು ಕಂಡದ್ದು ಇದರ ನೆರಳೂ ಅಲ್ಲ. ನನ್ನ ಕಣ್ಣು ತುಂಬಿ ಬಂತು.

ಕಣ್ಣು ತುಂಬಿದ್ದರಿಂದ ಮೊದಲ ದೊಡ್ಡ ತಿರುವು ಕಾಣಲಿಲ್ಲ!

"ರೀ, ತಿರುವ್ರಿ!" ಎಂದು ಶೈಲಾ ಕೂಗಿದಳು. ತಿರುವಿದೆ. ಗಾಬರಿಯಲ್ಲಿ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದೆ. ಗಾಜಿಗೆ ನೀರು ಚಿಮ್ಮಿತು. ಕನ್ನಡಿಯಲ್ಲಿ ನೋಡಿದರೆ ಜಿಗ್ನೇಶ್‌ಭಾಯ್ ಗಾಜಿಗೂ ನೀರು ಚಿಮ್ಮುತ್ತಿತ್ತು! ಉದ್ದಕ್ಕೆ ಹಾರ್ನ್ ಹೊಡೆದೆ, ಅವರೂ ಹೊಡೆದರು. ಭಯಕ್ಕೆ ನಾಲ್ಕೂ ದೀಪ ಮಿಣುಕಿಸಿದೆ, ಅವರೂ ಮಿಣುಕಿಸಿದರು. ಪ್ರತಿ ತಿರುವಿನ ಮುಂಚೆ ನಾನು ನಿಲ್ಲುವುದು, ಉಸಿರು ಎಳೆದುಕೊಳ್ಳುವುದು, ಮತ್ತೆ ಹೊರಡುವುದು. ಅವರೂ ನಿಲ್ಲುವುದು, ಉಸಿರು ಎಳೆದುಕೊಳ್ಳುವುದು, ಹೊರಡುವುದು.

ನಮ್ಮ ಹಿಂದೆ ಸಾಲು ಬೆಳೆಯಿತು. ನಮ್ಮನ್ನು ನೋಡಿ ಮೂರನೇ ಕಾರಿನವರೂ ದೀಪ ಮಿಣುಕಿಸತೊಡಗಿದರು, ಅವರನ್ನು ನೋಡಿ ನಾಲ್ಕನೆಯವರು. ಎದುರಿನಿಂದ ಬಂದ ಜೀಪಿನವನು ಗಾಡಿ ನಿಲ್ಲಿಸಿ, "ಯಾರ ಮದುವೆ ಮೆರವಣಿಗೆ ಭಾಯ್? ವರ ಯಾವ ಕಾರಿನಲ್ಲಿದ್ದಾನೆ?" ಎಂದು ಕೇಳಿದ.

ಅಷ್ಟರಲ್ಲಿ ಲೋಚೊ ಮೇಲೇಳುತ್ತಿತ್ತು! ವಿಜ್ಞಾನ ನನಗೆ ಕೈಕೊಟ್ಟಿತ್ತು. ಒಂದು ಮೈಲಿಗಲ್ಲಿನ ಪಕ್ಕ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ತಲೆ ಹೊರಗೆ ಹಾಕಿ ಬಾಗಿದೆ. ಹಿಂದೆ ಜಿಗ್ನೇಶ್‌ಭಾಯ್ ಕೂಡ ನಿಲ್ಲಿಸಿ, ಬಾಗಿಲು ತೆರೆದು, ತಲೆ ಹೊರಗೆ ಹಾಕಿ ಬಾಗಿದರು. ಪಾಪ, ಅವರಿಗೆ ಹೊಟ್ಟೆಯಲ್ಲಿ ಏನೂ ಆಗಿರಲಿಲ್ಲ! ಘಾಟಿಯ ಪದ್ಧತಿ ಇರಬೇಕು ಅಂದುಕೊಂಡಿದ್ದರು. ಮೂರನೇ ಕಾರಿನ ಹೆಂಗಸು ಇದನ್ನು ಕಂಡು ಭಕ್ತಿಯಿಂದ ಕೆಳಗಿಳಿದು, ಸೆರಗು ತಲೆಗೆ ಹೊದ್ದು, ಮೈಲಿಗಲ್ಲಿಗೆ ಕೈ ಮುಗಿದು, "ಇದು ಯಾವ ಮಾತಾಜಿ, ಯಾವ ದೇವಿ?" ಎಂದು ವಿಚಾರಿಸಿದರು. ಬಾಗಿದಲ್ಲಿಂದಲೇ ಬೇಡ ಎಂಬಂತೆ ಕೈ ಎತ್ತಿದೆ. ಅವರು ಅದನ್ನು ಆಶೀರ್ವಾದ ಅಂದುಕೊಂಡು ತಲೆ ಬಾಗಿಸಿದರು.

ಇಷ್ಟಕ್ಕೆ ಮುಗಿದಿದ್ದರೆ ನಾನೇ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಾನು ನಿಲ್ಲಿಸಿದ್ದು ಕಡಿದಾದ ಏರಿನಲ್ಲಿ. ಮತ್ತೆ ಹೊರಡಿಸಲು ಕ್ಲಚ್ ಬಿಟ್ಟೆ, ಎಂಜಿನ್ ಬಂದ್ ಆಯಿತು. ಗಾಡಿ ಹಿಂದಕ್ಕೆ ಜಾರಿತು.

"ಹ್ಯಾಂಡ್‌ಬ್ರೇಕ್!" ಎಂದು ಚೀರಿದ ಶೈಲಾ ತಾನೇ ಕೈ ಹಾಕಿ ಎಳೆದಳು. ಜಿಗ್ನೇಶ್‌ಭಾಯ್ ಕಾರಿನ ಮೂತಿಗೂ ನಮ್ಮ ಬೆನ್ನಿಗೂ ನಡುವೆ ಒಂದು ಮೇಕೆ ಕಷ್ಟಪಟ್ಟು ದಾಟುವಷ್ಟು ಜಾಗ ಉಳಿದಿತ್ತು.

ಜಿಗ್ನೇಶ್‌ಭಾಯ್ ಇಳಿದು ಬಂದರು. ಮುಖ ಬಿಳಿಚಿತ್ತು. "ಬಿರಾದಾರ್‌ಭಾಯ್, ಕರ್ನಾಟಕದವರಿಗೇ ಈ ಘಾಟಿ ಬಗ್ಗದಿದ್ದರೆ ನನ್ನಂಥವನ ಪಾಡೇನು? ತಿರುಗಿ ಹೋಗೋಣ. ಅಮ್ಮನಿಗೆ ನಾನು ಹೇಳ್ತೀನಿ" ಎಂದರು.

ಸವಿತಾಬಾಗೆ ಹೇಳಬೇಕಾಗಿರಲಿಲ್ಲ, ಅವರಿಗೆ ಕೇಳಿಸಿತ್ತು. ಕಾರಿನ ಗಾಜು ಇಳಿಸಿ, ಮೋಡದಲ್ಲಿ ಮುಚ್ಚಿಹೋಗಿದ್ದ ಬೆಟ್ಟದ ನೆತ್ತಿಯನ್ನೇ ನೋಡುತ್ತಿದ್ದರು. ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು. ಅದನ್ನು ನೋಡಿದ ಮೇಲೆ ಬಾಯಿ ಒರೆಸಿಕೊಂಡು ಅವರ ಮಗನ ಕಡೆ ತಿರುಗಿದೆ.

"ಜಿಗ್ನೇಶ್‌ಭಾಯ್," ಎಂದೆ, "ನಮ್ಮೂರಲ್ಲಿ ಘಾಟಿಯೇ ಇಲ್ಲ."

"ಅಂದರೆ?"

"ಒಂದು ದಿಬ್ಬ ಕೂಡ ಇಲ್ಲ. ನಾನು ಜೀವಮಾನದಲ್ಲಿ ಘಾಟಿ ಹತ್ತುತ್ತಿರೋದು ಇದೇ ಮೊದಲು. ನಿಮಗಿಂತ ನನಗೇ ಹೆಚ್ಚು ಭಯ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರ ತುಟಿ ಅದುರಿತು, ಭುಜ ಕುಣಿಯಿತು, ರಸ್ತೆಯ ಅಂಚಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದರೆ ಇಷ್ಟು ದೂರ ನಾನು ಒಬ್ಬನೇ ಬಂದ ಹಾಗಾಯ್ತಲ್ಲ!" ಎಂದರು. ನಗು ನಿಂತಾಗ ನೋಡುತ್ತೇನೆ, ಅವರ ಮುಖಕ್ಕೆ ಬಣ್ಣ ಮರಳಿತ್ತು. ನನ್ನ ನಾಯಕತ್ವದಿಂದ ಆಗದ ಉಪಕಾರ ನನ್ನ ಮಾನ ಹೋದದ್ದರಿಂದ ಆಗಿತ್ತು.

ಅಷ್ಟರಲ್ಲಿ ಶೈಲಾ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

"ನಿನಗ ಘಾಟ್ ಹೊಡ್ಯಾಕ ಬರತೈತೇನು?" ಎಂದೆ.

"ದಿನಾ ಮಗಳ ಟ್ಯೂಷನ್‌ಗೆ ಮಾಂಡವಿ ಮಾರ್ಕೆಟ್‌ನ್ಯಾಗ ಹೊಡೀತೀನಿ. ಅಲ್ಲಿ ಆಕಳ, ಎಮ್ಮಿ, ಸ್ಕೂಟರ್, ಕೈಗಾಡಿ, ಎಲ್ಲಾ ಮೈಮ್ಯಾಲ ಬರ್ತಾವು. ಇಲ್ಲಿ ಬರೇ ರಸ್ತೆ ಹೊಳ್ಳತೈತಿ. ಸರೀರಿ ಅತ್ಲಾಗ!"

ನಾನು ಎಲ್ಲಿ ಕೂಡಬೇಕೆಂದು ತೋಚದೆ ನಿಂತಿದ್ದಾಗ ಸವಿತಾಬಾ ಕೈಬೀಸಿ ಕರೆದರು. ತಾವೂ ಮಗನ ಕಾರಿನ ಹಿಂದಿನ ಸೀಟಿಗೆ ಬಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಚೀಲದಿಂದ ಇಂಗಿನ ಗುಳಿಗೆ ತೆಗೆದು ನನ್ನ ಬಾಯಿಗೆ ಹಾಕಿ, ಕೈಗೆ ಅರ್ಧ ನಿಂಬೆಹಣ್ಣು ಕೊಟ್ಟು, "ಮೂಸುತ್ತಾ ಕೂತಿರು ಮಗಾ" ಎಂದರು.

ಮುಂದಿನ ಕಾರನ್ನು ಶೈಲಾ ಹತ್ತಿಸಿದಳು ನೋಡಿ! ಗೇರು ಇಳಿಸುವುದು ಹಿಂದಿನಿಂದ ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ತಿರುವಿಗೆ ಮುಂಚೆ ಸಣ್ಣದೊಂದು ಹಾರ್ನ್, ಮೆತ್ತಗೆ ಒಂದು ಹೊರಳು, ಮತ್ತೆ ಏರು. ಎದುರು ಬಸ್ಸು ಬಂದರೆ ಹೊಸಿಲಲ್ಲಿ ಅತಿಥಿಗೆ ಜಾಗ ಬಿಡುವ ಹಾಗೆ ಬದಿಗೆ ಸರಿಯುತ್ತಿದ್ದಳು. ವಿಡಿಯೊಗಳಲ್ಲಿ ಯಾರನ್ನೆಲ್ಲ ಹೊಗಳಿದ್ದೆನೋ ಅವರನ್ನೆಲ್ಲ ಮರೆತೆ. ಇಷ್ಟು ವರ್ಷ ಇವಳ ಪಕ್ಕ ಕೂತು ನಾನೇ ಉಪನ್ಯಾಸ ಕೊಟ್ಟಿದ್ದೆನಲ್ಲ! ಜಿಗ್ನೇಶ್‌ಭಾಯ್ ಅವಳು ಮಾಡಿದ್ದನ್ನೇ ಮಾಡುತ್ತ, ಗುಜರಾತಿಯಲ್ಲಿ ಏನೋ ಗುನುಗುತ್ತ ಹತ್ತಿದರು.

"ಮದುವೆಯಾಗಿ ಮೊದಲ ಸಲ ಬಸ್ಸಿನಲ್ಲಿ ಈ ಘಾಟಿ ಹತ್ತುವಾಗ," ಎಂದರು ಸವಿತಾಬಾ, "ನಾನು ಮಾಸ್ತರರ ಹೊಸ ಕೋಟಿನ ಮೇಲೇ ವಾಂತಿ ಮಾಡಿಕೊಂಡಿದ್ದೆ. ಅವರು ಬೈಯಲಿಲ್ಲ. ಕೋಟು ಬಿಚ್ಚಿ ಮಡಚಿ, ಹೊರಗೆ ನೋಡು ಎಷ್ಟು ಚೆನ್ನಾಗಿದೆ, ಅಂದರು."

ಮೇಲೆ ತಲುಪಿದಾಗ ಎಲ್ಲೆಲ್ಲೂ ಬಿಳಿ ಮೋಡ, ಏನೂ ಕಾಣದು. ಕಟಕಟೆ ಹಿಡಿದು ನಿಂತೆವು. ಬಹಳ ಹೊತ್ತಿನ ಮೇಲೆ ಗಾಳಿ ಬೀಸಿ ಮೋಡ ಸರಿಯಿತು. ಕೆಳಗೆ ಹಸಿರು ಗದ್ದೆ, ಕೆಂಪು ಹೆಂಚಿನ ನಾಲ್ಕಾರು ಮನೆ, ತೆಳ್ಳಗೆ ಒಂದು ಹಳ್ಳ. "ಅಲ್ಲಿ!" ಎಂದು ಸವಿತಾಬಾ ಬೆರಳು ತೋರಿಸಿದರು. ಮಗನ ತೋಳು ಹಿಡಿದುಕೊಂಡು ಅತ್ತರು, ಆಮೇಲೆ ನಕ್ಕರು. ಜಿಗ್ನೇಶ್‌ಭಾಯ್ ಕೂಡ ಕಣ್ಣೊರೆಸಿಕೊಂಡರು. ಅವರು ಮಾಡಿದ್ದನ್ನೇ ಈ ಸಲ ನಾನು ಮಾಡಿದೆ.

ಊಟ, ಫೋಟೊ ಎಲ್ಲ ಮುಗಿದು ಹೊರಡುವ ಹೊತ್ತಿಗೆ ನನಗೆ ಪೂರ್ತಿ ಚೇತರಿಕೆಯಾಗಿತ್ತು. ಇಂಗು ಕೆಲಸ ಮಾಡಿತ್ತು, ಜೊತೆಗೆ ಹಳೆಯ ಆತ್ಮವಿಶ್ವಾಸವೂ ಮರಳಿತ್ತು. ಶೈಲಾ ಮೆಕ್ಕೆಜೋಳ ತಿನ್ನುತ್ತಿದ್ದುದನ್ನು ನೋಡಿ ಮೆಲ್ಲಗೆ ಅವಳ ಪರ್ಸಿನಿಂದ ಕಾರಿನ ಚಾವಿ ತೆಗೆದುಕೊಂಡೆ.

"ಇಳಿಯುವಾಗ ನಾನೇ ಓಡಿಸ್ತೀನಿ. ಏರೋದು ಕಷ್ಟ, ಇಳಿಜಾರಿನಲ್ಲಿ ಏನಿದೆ? ಗಾಡಿ ತಾನಾಗೇ ಇಳಿಯುತ್ತೆ!" ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿ ಡ್ರೈವರ್ ಬಾಗಿಲಿಗೆ ಕೈ ಹಾಕಿದೆ.

ಶ್ರೇಯಾ ಬಂದು ನನ್ನ ಮುಂದೆ ನಿಂತಳು. ಕಿವಿಯಿಂದ ಇಯರ್‌ಫೋನ್ ತೆಗೆದಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಅವರವ್ವನ ಧಾಟಿಯಲ್ಲೇ, ಒಂದು ಪರಭಾಷೆಯ ಪದವೂ ಬೆರೆಸದೆ, ಎಲ್ಲೂ ತಡವರಿಸದೆ ಹೇಳಿದಳು:

"ಅಪ್ಪಾ, ಚಾವಿ ಅವ್ವನ ಕೈಯಾಗ ಕೊಟ್ಟು, ನೀ ಸುಮ್ಮನ ಹಿಂದ ಹೋಗಿ ಕುಂದ್ರು."

ವರ್ಷಗಟ್ಟಲೆ ಕಾದ ವಾಕ್ಯ! ತಿದ್ದಲು ಒಂದಕ್ಷರ ಇರಲಿಲ್ಲ. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು.

ಚಾವಿ ಕೊಟ್ಟು ಹಿಂದೆ ಹೋಗಿ ಕೂತೆ. ಸವಿತಾಬಾ ಪಕ್ಕದಲ್ಲಿ ನಿಂತ ತಮ್ಮ ಕಾರಿನ ಕಿಟಕಿಯಿಂದ ಕೈ ಚಾಚಿ ಉಳಿದರ್ಧ ನಿಂಬೆಹಣ್ಣು ಕೊಟ್ಟರು.