ಮೂವತ್ತೆರಡು ಸಲ ಅಗಿದ ಮುದ್ದೆ

ಕಣ್ಣು ಮುಚ್ಚಿಕೊಂಡು ಕೂರುವವರು ಎಲ್ಲಿರ್ತಾರೋ, ಅಲ್ಲಿ ಕಣ್ಣು ಬಿಟ್ಟುಕೊಂಡಿರುವ ಅಡಿಗೆಯವರಿಗೆ ನಗುವಿಗೆ ಬರವೇ ಇಲ್ಲ. ಕನಕಪುರ ರಸ್ತೆಯಿಂದ ಒಸಿ ಒಳಗೆ, ಗುಡ್ಡದ ಬುಡದ ಧ್ಯಾನ ಕೇಂದ್ರದಲ್ಲಿ ನಾನೂ ನನ್ನ ಓರಗಿತ್ತಿಯೂ ಅಡಿಗೆ ಮಾಡ್ತೀವಿ. ಅವಳಿಗೆ ಗುರುಗಳೆಂದರೆ ಪ್ರಾಣ, ನನಗೆ ಈ ಕೆಲಸ ಅಂದರೆ ಪ್ರಾಣ. ಮನೆ ಹತ್ತಿರ, ಬಿಡದಿ ಫ್ಯಾಕ್ಟರಿ ಬಸ್ಸಿಗೆ ಎದ್ದು ಬಿದ್ದು ಓಡೋ ಗೋಳಿಲ್ಲ. ಆದರೆ ಮ್ಯಾನೇಜರು ಮಾತ್ರ, "ಬೆಂಗಳೂರಿನ ಕೇಟರಿಂಗ್‌ನವರನ್ನ ಕರೆಸ್ತೀನಿ. ಗುರುಗಳು ಬರಲಿ, ಒಂದು ಮಾತು ಕೇಳಿ ನಿಮ್ಮಿಬ್ಬರನ್ನೂ ಬಿಡಿಸ್ತೀನಿ" ಅಂತ ದಿನಾ ಹೆದರಿಸೋರು. ನನಗೆ ಅನ್ನ ಸೇರುತ್ತಿರಲಿಲ್ಲ. ಆದರೂ ನಗು ನಿಲ್ಲಬೇಕಲ್ಲ!

ಹುಳ ಕಂಡವರು

ಮಾಗಡಿ ಕಡೆಯ ರೇಷ್ಮೆ ಬೆಳೆಗಾರರೊಬ್ಬರನ್ನು ಅವರ ಮಗಳು ಮೂರು ದಿನದ ಮೌನ ಶಿಬಿರಕ್ಕೆ ಸೇರಿಸಿ ಹೋದಳು. ಗೇಟಿನಲ್ಲೇ ಫೋನು ತೆಗೆದಿಟ್ಟುಕೊಂಡರು. ಅವರ ಮನೆಯಲ್ಲೋ ಹುಳ ಹಣ್ಣಾಗುವ ಹೊತ್ತು. ಆಯ್ದು ಚಂದ್ರಿಕೆಗೆ, ಆ ಬಿದಿರಿನ ತಟ್ಟಿಗೆ, ಬಿಡದಿದ್ದರೆ ಗೂಡು ಕಟ್ಟೋದೆಲ್ಲಿ? ಪಾಪ, ಬಾಯಿ ಮುಚ್ಚಿಕೊಂಡೇ ಒದ್ದಾಡಿದರು.

ಮೂರನೇ ದಿನ ಬೆಳಗ್ಗೆ ಮೌನ ಮುರಿದು, ಬೇರೆ ಊರಿಂದ ಬಂದಿದ್ದ ಧ್ಯಾನದ ಟೀಚರ್ರು ಒಬ್ಬೊಬ್ಬರನ್ನೇ ಕೇಳಿದರು: "ಒಳಗೆ ಏನು ಕಾಣಿಸ್ತು?" ಒಬ್ಬರಿಗೆ ನೀಲಿ ಬೆಳಕು, ಇನ್ನೊಬ್ಬರಿಗೆ ಹಿಮಾಲಯ. ನಮ್ಮ ರೇಷ್ಮೆ ಯಜಮಾನರು, "ನಂಗೆ ಬರೀ ಹುಳಾನೇ ಸ್ವಾಮಿ. ತಲೆ ಎತ್ಕಂಡು ಮೇಲಕ್ಕತ್ತಕ್ಕೆ ನೋಡ್ತಾವೆ" ಅಂದರು.

ಟೀಚರ್ರಿಗೆ ಮೈ ಜುಮ್ಮೆಂದಿತು. "ಅದೇ ಕುಂಡಲಿನಿ! ಅಲುಗಾಡಬೇಡಿ, ನೋಡ್ತಾ ಕೂತಿರಿ!"

ಯಜಮಾನರು ಪಂಚೆ ಎತ್ತಿ ಕಟ್ಟಿ ಬಾಗಿಲ ಕಡೆ ಹೊರಟೇಬಿಟ್ಟರು. "ನೋಡ್ತಾ ಕೂತ್ರೆ ನಮ್ಮನೆಯೋಳು ನನ್ನೇ ಚಂದ್ರಿಕೆಗೆ ಬುಟ್ಬುಡ್ತಾಳೆ!"

ಸಿಟ್ಟು ಇಳಿಸುವ ಚಾಪೆ

ಕೇಂದ್ರದ ಅಂಗಡಿಯಲ್ಲಿ ಎಣ್ಣೆ, ಧೂಪ, ಶಕ್ತಿ ತುಂಬಿದ ನೀರು, ಎಲ್ಲಾ ಸಿಗ್ತದೆ. ನನ್ನ ಓರಗಿತ್ತಿ ಅಲ್ಲಿಂದ ಗುರುಗಳ ಸಹಿ ಇದ್ದ ಚಾಪೆ ತಂದಳು. ಅದರ ಮೇಲೆ ಕೂತರೆ ಎಂಥಾ ಸಿಟ್ಟೂ ಇಳಿಯುತ್ತಂತೆ. ನಮ್ಮತ್ತೆ ಒಳ್ಳೇ ಚಾಪೆ ಬಂತಲ್ಲ ಅಂತ ಅದನ್ನು ತಾರಸಿಗೆ ಒಯ್ದು ಹಾಸಿ, ಅದರ ತುಂಬಾ ಸಂಡಿಗೆ ಇಟ್ಟುಬಿಟ್ಟರು.

ಇವಳು ನೋಡಿದಳು. ಅಬ್ಬಬ್ಬಾ! ಕೇರಿಯೆಲ್ಲಾ ಕೇಳುವ ಹಾಗೆ ಕೂಗಾಡಿದಳು. ಅತ್ತೆ ನಿಧಾನವಾಗಿ ಒಂದು ಮೂಲೆಯ ಸಂಡಿಗೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.

"ಬಾರವ್ವ, ಇಲ್ಲಿ ಕೂತ್ಕಂಡು ಬೈಯಿ."

ಗುರುಗಳು ಬಂದ ದಿನ

ಅಂತೂ ಗುರುಗಳು ಬಂದರು. ಸಭಾಂಗಣದ ತುಂಬಾ ಬೆಂಗಳೂರಿನ ಭಕ್ತರು. ಅವರಿಗೆ ಈಗ ರಾಗಿ ಮೇಲೆ ಬಲೇ ಮೋಹ. ಅದಕ್ಕೇ ಮ್ಯಾನೇಜರು ಮುದ್ದೆ, ಬಸ್ಸಾರು ಮಾಡಿಸಿದರು. "ಗುರುಗಳ ಕಿವಿಗೆ ಹಾಕಿದ್ದೀನಿ, ಇದೇ ನಿಮ್ಮ ಕೊನೇ ಅಡಿಗೆ ಅಂದ್ಕೊಳ್ಳಿ" ಅಂತ ನಮಗೆ ಹೇಳಿ, ತಾವೂ ಮುಂದಿನ ಸಾಲಿನಲ್ಲಿ ಎಲೆ ಮುಂದೆ ಕೂತರು.

ಗುರುಗಳು ಹಣ್ಣು ಬಿಟ್ಟು ಬೇರೇನೂ ಮುಟ್ಟೋರಲ್ಲ. ವೇದಿಕೆ ಮೇಲಿಂದ ಮೆಲ್ಲಗೆ ಹೇಳಿದರು: "ಇಂದು ಊಟವೇ ಧ್ಯಾನ. ದೊಡ್ಡ ತುತ್ತು ಇಡಿ, ಕಣ್ಣು ಮುಚ್ಚಿ, ಮೂವತ್ತೆರಡು ಸಲ ಅಗಿಯಿರಿ."

"ಅಯ್ಯೋ, ಮುದ್ದೆ ನುಂಗಬೇಕು ಕಣೇ, ಅಗೀಬಾರ್ದು! ಹೋಗಿ ಹೇಳ್ಬುಡ್ಲಾ?" ಅಂದೆ. ಓರಗಿತ್ತಿ ನನ್ನ ಸೆರಗು ಹಿಡಿದು ಎಳೆದಳು. "ಗುರುಗಳಿಗೆ ಗೊತ್ತಿಲ್ವಾ? ಸುಮ್ಕಿರಕ್ಕ."

ಅಗಿದರು ನೋಡಿ! ಹತ್ತನೇ ಸಲಕ್ಕೆ ಮುದ್ದೆ ಹಲ್ಲಿಗಂಟಿತು. ಇಪ್ಪತ್ತಕ್ಕೆ ಅಂಗುಳಕ್ಕೂ ಅಂಟಿತು. ಕೆಲವರ ಕಣ್ಣಲ್ಲಿ ನೀರು. ಇಡೀ ಸಭಾಂಗಣದಲ್ಲಿ ಒಂದು ಪಿಟ್ಟೆಂಬ ಸದ್ದಿಲ್ಲ.

"ಹೇಗನ್ನಿಸ್ತಿದೆ?" ಅಂದರು ಗುರುಗಳು. ಯಾರೂ ಬಾಯಿ ಬಿಡಲಿಲ್ಲ, ಬಿಡೋಕಾದರೆ ತಾನೇ!

ಗುರುಗಳು ಎದ್ದು ನಿಂತೇಬಿಟ್ಟರು. "ಇಷ್ಟು ವರ್ಷ ಕಲಿಸಿದ್ದೀನಿ, ಇಂಥಾ ಮೌನ ಕಂಡಿರಲಿಲ್ಲ. ಕಣ್ಣೀರು ಬೇರೆ!" ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಅಡಿಗೆಯವರನ್ನ ಬದಲಾಯಿಸಬೇಕು ಅಂತಿದ್ದಿರಲ್ಲ, ಬದಲಾಯಿಸೋದು ಬೇಡ ತಾನೇ?" ಅಂದರು.

ಮ್ಯಾನೇಜರ ಮುಖ ಕೆಂಪಾಯಿತು. ಏನೋ ಹೇಳೋಕೆ ಹೋದರು, ದವಡೆ ಅಲ್ಲಾಡಲಿಲ್ಲ. ಕೊನೆಗೆ ಎರಡೂ ಕೈ ಜೋಡಿಸಿ, "ನೀರು, ನೀರು" ಅಂತ ಕಣ್ಣಲ್ಲೇ ಬೇಡಿಕೊಂಡರು.

"ಅಯ್ಯೋ, ಅಷ್ಟೊಂದು ಬೇಡಿಕೊಳ್ಳಬೇಡಿ," ಅಂದರು ಗುರುಗಳು. "ಇವರೇ ಇರ್ತಾರೆ, ಬಿಡಿ."